ತಳ ಇಲ್ಲದ ಬುಟ್ಟಿಗೆ ಚೆಂಡು

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಲು ಹೊರಟವರು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಿನಕ್ಕೊಂದು ತಾನಾಗಿಯೇ ಬಂದು ಮೈಮೇಲೆ ಬೀಳುತ್ತದೆ. ಬಿದ್ದಾಗ ನನಗೆ ಸಿಟ್ಟು ಬರುತ್ತದೆ. ಸಂಜೆ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಗು ಬರುತ್ತದೆ.

ಯಾರಿಗೆ ಸಹಾಯಕಿ?

ಮೊದಲು ನಾನು ಬದನಗುಪ್ಪೆಯ ಕಡೆ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದೆ. ಹೆಂಗಸರು ಕಕ್ಕಸಿಗೆ ಹೋಗಬೇಕಾದರೂ ಸೂಪರ್‌ವೈಸರ್ ಅಪ್ಪಣೆ ಬೇಕು ಅಂದರು. ಗೇಟಿನ ಮುಂದೆ ಕೂತು ಘೋಷಣೆ ಕೂಗಿದೆ. ಕಕ್ಕಸು ಸಿಕ್ಕಿತು, ಕೆಲಸ ಹೋಯಿತು.

ಹೋರಾಟದ ಹಾಗೆ ಬ್ಯಾಸ್ಕೆಟ್‌ಬಾಲನ್ನೂ ನನಗೆ ಯಾರೂ ಕಲಿಸಲಿಲ್ಲ. ಮೈದಾನದ ಗೋಡೆ ಮೇಲೆ ಕೂತು ಗಂಡುಹುಡುಗರು ಆಡುವುದನ್ನು ನೋಡಿದೆ. ಅವರು ಮಾಡುವ ತಪ್ಪನ್ನೆಲ್ಲ ಬಿಟ್ಟರೆ ಉಳಿಯುವುದೇ ಆಟ ಅಂತ ಅರ್ಥವಾಯಿತು. ಕೊನೆಗೆ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಸಹಾಯಕ ಕೋಚ್ ಆದೆ. ಮುಖ್ಯ ಕೋಚ್ ಯಾರು ಅಂತ ಹುಡುಕಿದರೆ ಆ ಹುದ್ದೆಯೇ ಖಾಲಿ. ಹೋಗಿ ಪ್ರಿನ್ಸಿಪಾಲರನ್ನು ಕೇಳಿದೆ:

"ಸಾರ್, ನಾನು ಯಾರಿಗೆ ಸಹಾಯಕಿ?"

"ಸದ್ಯಕ್ಕೆ ನಿಮಗೆ ನೀವೇ ಸಹಾಯ ಮಾಡ್ಕೊಳ್ಳಿ" ಅಂದರು.

ಅವರು ಕೆಟ್ಟವರಲ್ಲ. ಆದರೆ ಕಾರಿನ ಮೇಲೆ ಪ್ರಾಣ. ಕೋರ್ಟಿನ ಒಂದು ತುದಿಯಲ್ಲಿ ಬೇವಿನ ಮರದ ನೆರಳು ಬೀಳುತ್ತದೆ. ಅಲ್ಲೇ, ಸರಿಯಾಗಿ ಬುಟ್ಟಿಯ ಕೆಳಗೆ, ಕಾರು ನಿಲ್ಲಿಸುತ್ತಿದ್ದರು. ಹುಡುಗಿಯರು ಕಲಿಯುವವರೆಗೆ ಕಾರಿಗೆ ಏನೂ ಆಗಲಿಲ್ಲ. ಗುರಿ ಕೂಡಿ ಬಂದ ದಿನ ಚೆಂಡು ಬುಟ್ಟಿಯೊಳಗಿಂದ ನೆಟ್ಟಗೆ ಇಳಿದು ಬಾನೆಟ್ ಮೇಲೆ ಕೂತಿತು.

ಪ್ರಿನ್ಸಿಪಾಲರು ಓಡಿ ಬಂದರು. "ಕಾರು ನಿಂತಿರೋದು ಕಾಣಲ್ವೇನ್ರೀ?"

"ಬುಟ್ಟಿ ನಿಂತಿರೋದು ನಿಮಗೆ ಕಾಣಲಿಲ್ವಾ ಸಾರ್?"

ಅವತ್ತೇ ತೀರ್ಪಾಯಿತು. ಈ ತಂಡ ಒಂದು ಮ್ಯಾಚನ್ನೂ ಗೆದ್ದಿಲ್ಲ. ಈ ವರ್ಷದ ಅಂತರಕಾಲೇಜು ಪಂದ್ಯಾವಳಿಯಲ್ಲಿ ಒಂದಾದರೂ ಗೆದ್ದರೆ ಕೋರ್ಟು ಹುಡುಗಿಯರಿಗೆ, ಸೋತರೆ ಅಲ್ಲಿ ವಾಹನಗಳ ಶೆಡ್ಡು. ನಾನು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬಾನೆಟ್ ಒರೆಸುತ್ತಾ, ಬಹಳ ಮೆತ್ತಗೆ ಕೇಳಿದರು:

"ಅಲ್ಲೀವರೆಗೆ ಆ ಬುಟ್ಟೀನ ಸ್ವಲ್ಪ ಆ ಕಡೆಗೆ ಸರಿಸಿ ಆಡಕ್ಕಾಗಲ್ವಾ?"

ಕೂಲಿ ಕೊಡದ ಕೆಲಸ

ಗೆಲ್ಲಬೇಕಾದರೆ ಉದ್ದದ ಹುಡುಗಿ ಬೇಕು. ಇದ್ದವಳು ಒಬ್ಬಳೇ, ತೆರಕಣಾಂಬಿಯವಳು. ಕ್ಲಾಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಳು. ಮೂರು ದಿನ ಚೆನ್ನಾಗಿ ಆಡಿದವಳು ನಾಲ್ಕನೇ ದಿನ ಬರಲಿಲ್ಲ. ಬಸ್ಸು ಹತ್ತಿ ಅವಳ ಮನೆಗೇ ಹೋದೆ. ಜಗಲಿ ಮೇಲೆ ಅವಳ ಅಜ್ಜಿ ಎಲೆಯಡಿಕೆ ಹಾಕುತ್ತಾ ಕೂತಿತ್ತು. ಊರ ಸುತ್ತ ಹೊಲವೆಲ್ಲ ಹಳದಿ, ಚೆಂಡುಹೂವಿನ ಕುಯ್ಲು.

"ಅಲ್ಲ ಕಣವ್ವ, ನಮ್ಮುಡುಗೀನ ಸಂಜೆಗಂಟ ನಿಲ್ಲುಸ್ಕಂಡು ಏನ್ ಮಾಡುಸ್ತೀಯೆ?"

ಅಜ್ಜಿಗೆ ಇಂಗ್ಲಿಷ್ ಯಾಕೆ ಅಂತ ನಾನು ಅಚ್ಚ ಕನ್ನಡದಲ್ಲಿ ಹೇಳಿದೆ: "ಚೆಂಡನ್ನ ಬುಟ್ಟಿಗೆ ಹಾಕೋದು ಕಲಿಸ್ತೀನಜ್ಜಿ."

ಅಜ್ಜಿ ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿತು. "ಚೆಂಡ ಬುಟ್ಟಿಗಾಕದ ಕಾಲೇಜಲ್ಲಿ ಕಲೀಬೇಕಾ? ನಾನು ಉಟ್ಟಿದಾಗಿಂದ ಅದ್ನೇ ಮಾಡ್ತಿವ್ನಿ! ಎಷ್ಟ್ ಕೊಟ್ಟೀಯೆ ಕೂಲಿಯ?"

"ಕೂಲಿ ಇಲ್ಲಜ್ಜಿ."

"ಬಿಟ್ಟಿ ದುಡ್ಸೀಯಾ? ನೋಡುದ್ರೆ ಓರಾಟ ಮಾಡೋಳಂಗೆ ಕಾಣ್ತೀಯಾ!"

ಜೀವನವಿಡೀ ಬಿಟ್ಟಿ ದುಡಿಮೆಯ ವಿರುದ್ಧ ಕೂಗಿದವಳು ನಾನು. ಮಾತು ನೆಟ್ಟಗೆ ಎದೆಗೇ ತಾಗಿತು. ಇದು ಹೂವಲ್ಲ, ರಬ್ಬರಿನ ಚೆಂಡು ಅಂತ ಬಿಡಿಸಿ ಹೇಳಿದೆ. ಬುಟ್ಟಿ ಕಂಬದ ಮೇಲಿರುತ್ತದೆ, ಎಸೆದ ಚೆಂಡು ಕೆಳಗಿಂದ ಆಚೆ ಬರುತ್ತದೆ ಅಂದೆ.

"ಬುಟ್ಟೀಗೆ ತಳ ಇಲ್ವಾ?"

"ಇಲ್ಲಜ್ಜಿ."

ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿತು. ಸಿಟ್ಟೆಲ್ಲ ಇಳಿದು ಕಣ್ಣಲ್ಲಿ ಕನಿಕರ ಬಂತು. ಮೊಮ್ಮಗಳನ್ನು ಕರೆದು ಹೇಳಿತು:

"ಓಗಮ್ಮಿ ನಾಳಿಂದ. ಪಾಪ, ಈವಮ್ಮುಂಗೆ ಮೊದ್ಲು ಒಂದು ತಳ ಇರೋ ಬುಟ್ಟಿ ತಗಂಡೋಗಿ ಕೊಡು."

ಹೆಂಗಸರ ಚೆಂಡು

ಉದ್ದದ ಹುಡುಗಿ ಮನೆಯಲ್ಲೂ ಅಭ್ಯಾಸ ಮಾಡಲಿ ಅಂತ ಚೆಂಡನ್ನು ಅವಳ ಕೈಗೇ ಕೊಟ್ಟು ಕಳಿಸಿದೆ. ಸಂಜೆ ಬಸ್ಸಿನಲ್ಲಿ ನಾನೂ ಇದ್ದೆ. ಕಾಲಿಡಲು ಜಾಗವಿಲ್ಲ, ಚೆಂಡು ಅವಳ ಕಂಕುಳಲ್ಲಿ. ಕಂಡಕ್ಟರ್ ಬಂದ.

"ನೀನು ಫ್ರೀ. ಚೆಂಡಿಗೆ ಲಗೇಜು ಟಿಕೆಟ್ ಆಗ್ತದೆ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು. "ಇದು ಎಂಗಸ್ರ ಚೆಂಡು ಕಣಣ್ಣ. ಗಂಡುಸ್ರು ಆಡಾದು ಇದಕ್ಕಿಂತ ದೊಡ್ದು. ಎಂಗಸ್ರಿಗೆಲ್ಲ ಫ್ರೀ ಅಲ್ವಾ?"

ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಹೆಂಗಸರು "ಬುಡಪ್ಪ, ಅದೂ ಎಣ್ಣುಮಗ ಕಣ" ಅಂತ ಕೂಗಿದರು. ಕಂಡಕ್ಟರ್ ಮಾತ್ರ ನಗಲಿಲ್ಲ. ಟಿಕೆಟ್ ಮಷೀನನ್ನು ಎದೆಗಾನಿಸಿಕೊಂಡು ಕೈ ಚಾಚಿದ.

"ಸರಿ ಕಣಮ್ಮಿ. ಅದರ ಆಧಾರ್ ಕಾರ್ಡ್ ತೋರ್ಸು."

ಟ್ರಾವೆಲಿಂಗ್

ಚೆಂಡನ್ನು ನೆಲಕ್ಕೆ ಬಡಿಯದೆ ಕೈಯಲ್ಲೇ ಹಿಡಿದು ಹೆಜ್ಜೆ ಹಾಕಿದರೆ ತಪ್ಪು. ಅದಕ್ಕೆ ಟ್ರಾವೆಲಿಂಗ್ ಅನ್ನುತ್ತಾರೆ. ಅಭ್ಯಾಸಕ್ಕೆ ಹೊಸದಾಗಿ ಬಂದ ಗಿಡ್ಡ ಹುಡುಗಿಯೊಬ್ಬಳು ಚೆಂಡನ್ನು ಅಪ್ಪಿಕೊಂಡು ಅರ್ಧ ಕೋರ್ಟು ಓಡಿದಳು. ನಾನು ಸೀಟಿ ಊದಿ "ಟ್ರಾವೆಲಿಂಗ್!" ಅಂತ ಕೂಗಿದೆ.

ಅವಳು ನಿಂತು ಬೆವರು ಒರೆಸಿಕೊಂಡಳು. "ಊಂ ಅಕ್ಕ, ದಿನಾ ಗುಂಡ್ಲುಪೇಟೆಯಿಂದ. ಸೀಟೂ ಸಿಗಲ್ಲ."

ಆರು

ಪಂದ್ಯಾವಳಿ ಗುಂಡ್ಲುಪೇಟೆಯಲ್ಲಿ. ಮೊದಲ ಮ್ಯಾಚೇ ಮೈಸೂರಿನ ಒಂದು ಕಾಲೇಜಿನ ಮೇಲೆ. ಅವರದು ಒಂದೇ ಬಣ್ಣದ ಬೂಟು, ಒಂದೇ ಥರದ ಬ್ಯಾಗು. ಅವರ ಕೋಚ್ ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ಮೆಲ್ಲಗೆ ಮಾತಾಡುವವರು. ನಮ್ಮ ಹುಡುಗಿಯರಲ್ಲಿ ಇಬ್ಬರ ಬೂಟು ಅಣ್ಣಂದಿರದು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ, ಶೆಡ್ಡು ಕಟ್ಟುವ ಗುತ್ತಿಗೆದಾರನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ನನ್ನ ಮೈಯೆಲ್ಲ ಉರಿಯಿತು.

ನನ್ನ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಕೂತು ಮಾತಾಡುವಾಗ ನನ್ನ ಹಕಾರ ಸರಿಯಾಗಿಯೇ ಇರುತ್ತದೆ. ಸಿಟ್ಟು ಬಂದು ಕೂಗಿದರೆ ಊರಿನ ನಾಲಿಗೆ ಹೊರಳುತ್ತದೆ, ಹಕಾರ ಉದುರುತ್ತದೆ. ಉದ್ದದ ಹುಡುಗಿ ಬುಟ್ಟಿಯ ಕೆಳಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಅವಳು ಜಿಗಿಯಬೇಕು. ಹಾರು ಅಂತ ಕೂಗಿದೆ. ಬಾಯಿಂದ ಬಂದದ್ದು:

"ಆರು! ಆರು! ಆರಮ್ಮಿ!"

ಎದುರು ತಂಡದ ಮೇಡಂ ಕನ್ನಡಕ ತೆಗೆದರು. ನಮ್ಮ ಆರನೇ ನಂಬರಿನ ಅಂಗಿ ತೊಟ್ಟವಳು ಆ ಗುಂಡ್ಲುಪೇಟೆಯ ಗಿಡ್ಡ ಹುಡುಗಿ. ಆಡಬೇಕಾದ ಐವರಲ್ಲಿ ಒಬ್ಬಳಿಗೆ ಜ್ವರ ಬಂದಿತ್ತು ಅಂತ ಅವಳ ಬದಲು ಇವಳನ್ನು ಇಳಿಸಿದ್ದೆ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುವವಳು.

"ಸಿಕ್ಸ್! ಮಾರ್ಕ್ ನಂಬರ್ ಸಿಕ್ಸ್!" ಅಂದರು ಮೇಡಂ.

ಅವರ ಇಬ್ಬರು ಹುಡುಗಿಯರು ಗಿಡ್ಡಿಯನ್ನು ಸುತ್ತುವರಿದರು. ಉದ್ದದವಳ ಮುಂದೆ ಬಯಲೋ ಬಯಲು. ಹಾರಿದಳು, ಚೆಂಡು ಬುಟ್ಟಿಗೆ ಬಿತ್ತು. ನಾನು ಖುಷಿಯಲ್ಲಿ ಇನ್ನೂ ಜೋರಾಗಿ ಕೂಗಿದೆ, "ಅಂಗೇ ಆರು!" ಈಗ ಮೂವರು ಗಿಡ್ಡಿಯನ್ನು ಸುತ್ತಿಕೊಂಡರು. ಪಾಪ, ಅವಳು ಅವರ ಸಂದಿಯಿಂದ ಇಣುಕಿ ಅಳುವ ದನಿಯಲ್ಲಿ ಕೂಗಿದಳು:

"ಅಕ್ಕಾ, ಇವ್ರು ನನ್ನ ಯಾಕೆ ಸುತ್ಕಂಡವ್ರೆ? ನಾನೇನ್ ಮಾಡ್ದೆ?"

ನನಗೂ ಗೊತ್ತಿರಲಿಲ್ಲ. "ಏನೂ ಮಾಡ್ಬ್ಯಾಡ, ಅಲ್ಲೇ ನಿಂತ್ಕ!" ಅಂದೆ. ನಿಂತಳು. ಅವಳು ಎಲ್ಲಿ ನಿಂತರೆ ಅಲ್ಲಿ ಮೈಸೂರಿನ ಅರ್ಧ ತಂಡ. ಕೊನೆಯಲ್ಲಿ ಅವರು ಒಂದು ಪಾಯಿಂಟ್ ಮುಂದಿದ್ದರು. ಚೆಂಡು ಉದ್ದದವಳ ಕೈಗೆ ಬಂತು. ಕೂಗಿ ಕೂಗಿ ನನ್ನ ದನಿಯೇ ಹೋಗಿತ್ತು. ನೋಡಲು ಬಂದಿದ್ದ ನಮ್ಮ ಕಾಲೇಜಿನ ಹುಡುಗಿಯರೆಲ್ಲ ಒಟ್ಟಿಗೆ ಎದ್ದು ಕೂಗಿದರು, "ಆರೂ!"

ಹಾರಿದಳು. ಗೆದ್ದೆವು.

ಮೇಡಂ ಬಂದು ಕೈ ಕುಲುಕಿದರು. "ನಿಮ್ಮ ನಂಬರ್ ಸಿಕ್ಸ್‌ಗೆ ಬಾಲ್ ಸಿಗದ ಹಾಗೆ ನೋಡ್ಕೊಂಡ್ವಿ. ಇಲ್ಲದಿದ್ರೆ ಇನ್ನೂ ದೊಡ್ಡ ಸೋಲಾಗ್ತಿತ್ತು." ಆಗ ನನಗೆ ಹೊಳೆಯಿತು. ನಗು ತಡೆಯಲಾರದೆ ಬೆಂಚಿನ ಹಿಂದೆ ಹೋಗಿ ಕೂತೆ. ಆದರೆ ಮೇಡಂ ಹೇಳಿದ್ದು ಪ್ರಿನ್ಸಿಪಾಲರ ಕಿವಿಗೂ ಬಿದ್ದಿತ್ತು.

ಮುಂದಿನ ವಾರ ಕಾಲೇಜಿನಲ್ಲಿ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಎಲ್ಲ ಗಿಡ್ಡಿಗೆ! ಪೇಟ ಅವಳ ಮೂಗಿನವರೆಗೆ ಇಳಿದಿತ್ತು. ಪಾಯಿಂಟ್ ಗಳಿಸಿದ ಉದ್ದದವಳು ನನ್ನ ಪಕ್ಕದ ಕುರ್ಚಿಯಲ್ಲಿ. ಗಿಡ್ಡಿಗೆ ಮೈಕು ಕೊಟ್ಟರು. ಅವಳು ಸುಳ್ಳು ಹೇಳುವವಳಲ್ಲ.

"ನಾನು ಏನೂ ಆಡ್ಲಿಲ್ಲ. ಚೆಂಡು ಮುಟ್ಲೂ ಇಲ್ಲ. ಸುಮ್ನೆ ನಿಂತಿದ್ದೆ."

ಸಭಾಂಗಣ ಚಪ್ಪಾಳೆಯಿಂದ ಬಿರಿಯಿತು. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡು ಮೈಕಿಗೆ ಬಂದರು. "ನೋಡಿ, ಎಂಥ ವಿನಯ! ಇಂಥ ಆಟಗಾರ್ತಿ ಬೆಳೆದ ಕೋರ್ಟಿಗೆ ಇನ್ನು ಯಾರೂ ಕೈ ಹಚ್ಚುವಂತಿಲ್ಲ!"

ಅನ್ಯಾಯ ಕಂಡರೆ ನನ್ನ ಕಾಲುಗಳು ತಾವೇ ಎದ್ದು ನಿಲ್ಲುತ್ತವೆ. ನಿಜ ಹೇಳಲೇಬೇಕು ಅಂತ ಎದ್ದೆ. ಉದ್ದದವಳು ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. ಅವಳ ಕಣ್ಣಲ್ಲಿ ನಕ್ಕು ನಕ್ಕು ನೀರು.

"ಸುಮ್ಕೆ ಕೂತ್ಕ ಅಕ್ಕ. ಕೋರ್ಟು ಉಳೀತಲ್ಲ. ಈಗ ನಿಜ ಏಳ್ಬುಟ್ಟು ನೀನೇ ಶೆಡ್ಡು ಕಟ್ಟುಸ್ಬ್ಯಾಡ."