ಬೇಸ್ ಕೇಳಿಸಿದ ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ

ಇಂದ,
ರವಾನೆ ಗುಮಾಸ್ತ,
ಬಣ್ಣದ ಡಬ್ಬಗಳ ಉಗ್ರಾಣ, ಹಿಂಬದಿಯ ಶೆಡ್ಡು.

ಗೆ,
ಮಾನ್ಯ ವ್ಯವಸ್ಥಾಪಕರು,
ಅದೇ ಉಗ್ರಾಣ, ಮುಂಬದಿಯ ಫ್ಯಾನ್ ಇರುವ ಕೋಣೆ.

ವಿಷಯ: ಊಟದ ವಿರಾಮದಲ್ಲಿ ಹೆಡ್‌ಫೋನ್ ಕೊಳ್ಳಲು ಹೋದ ಅರ್ಜಿದಾರನು ಸಂಜೆಯಾದರೂ ಹಿಂತಿರುಗದ ಬಗ್ಗೆ ವಿವರಣೆ ಹಾಗೂ ಅರ್ಧ ದಿನದ ರಜೆ ಕೋರಿ.

ಉಲ್ಲೇಖ: 1. "ಎಲ್ಲಿ ಹಾಳಾಗಿ ಹೋಗಿದ್ದೆ" ಎಂಬ ಒಕ್ಕಣೆಯ ತಮ್ಮ ಮೆಮೊ.
2. ತಾವು ಮಾಡಿದ, ಮಧ್ಯದಲ್ಲೇ ತುಂಡಾದ ದೂರವಾಣಿ ಕರೆ.

ಮಾನ್ಯರೇ,

1. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಅರ್ಜಿದಾರನು ಉಗ್ರಾಣಕ್ಕೆ ಸೇರುವ ಮೊದಲು, ಮದುವೆಗೂ ಮೊದಲು, ಒಂದು ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದನು. ಬೇಸ್ ಗಿಟಾರ್ ಎಂದರೆ ದಪ್ಪ ತಂತಿಗಳ, ಕೆಳದನಿಯ ವಾದ್ಯ. ಹಾಡುವವನು ಕಣ್ಣಿಗೆ ಬೀಳುತ್ತಾನೆ, ಡ್ರಮ್ ಬಡಿಯುವವನು ಕಿವಿಗೆ ಬೀಳುತ್ತಾನೆ, ಬೇಸ್ ನುಡಿಸುವವನು ಎಲೆಮರೆಯ ಕಾಯಿ. ಅವನು ನಿಲ್ಲಿಸಿದಾಗ ಮಾತ್ರ, ಏನೋ ಕಡಿಮೆಯಾಯಿತಲ್ಲ ಎಂದು ಜನ ತಲೆ ಎತ್ತುತ್ತಾರೆ. ಗೋಷ್ಠಿ ಚದುರಿತು, ಗಿಟಾರ್ ಮಾರಿಹೋಯಿತು. ಉಳಿದದ್ದು ಒಂದು ಕ್ಯಾಸೆಟ್. ಅದರ ಹಾಡುಗಳನ್ನು ಈಚೆಗೆ ಮೊಬೈಲಿಗೆ ಇಳಿಸಿಕೊಳ್ಳಲಾಗಿದೆ.

2. ತೊಂದರೆ ಶುರುವಾದದ್ದೇ ಇಲ್ಲಿಂದ. ಮೊಬೈಲಿನ ಸ್ಪೀಕರು ಅಂಗಿಯ ಗುಂಡಿಯಷ್ಟು. ಅದರಲ್ಲಿ ಹಾಡು ಕೇಳುತ್ತದೆ, ಡ್ರಮ್ ಕೇಳುತ್ತದೆ, ಯಾರೋ ಕೆಮ್ಮಿದ್ದೂ ಕೇಳುತ್ತದೆ. ಅರ್ಜಿದಾರ ಮಾತ್ರ ಕೇಳಿಸುವುದಿಲ್ಲ. ಪತ್ನಿಯ ಅಣ್ಣ, ಅರ್ಥಾತ್ ಅರ್ಜಿದಾರನ ಭಾವ, ಮನೆಗೆ ಬಂದಾಗಲೆಲ್ಲ ಮೊಬೈಲನ್ನು ಕಿವಿಗಿಟ್ಟು, ಗಿಟಾರಿಗೆ ಆರು ತಂತಿ ಇರಬೇಕಲ್ಲ, ನಿಮ್ಮದಕ್ಕೆ ನಾಲ್ಕೇ ಅಂದರೆ ಉಳಿದೆರಡನ್ನು ಬಟ್ಟೆ ಒಣಹಾಕಲು ಕಟ್ಟಿದಿರಾ ಎಂದು ವಿಚಾರಿಸುತ್ತಾರೆ. ಇದನ್ನು ಅರ್ಜಿದಾರನು ನಗುತ್ತ ನುಂಗಿಕೊಂಡಿದ್ದಾನೆ. ಭಾವನೆಂದ ಮೇಲೆ ಅಷ್ಟು ಹಕ್ಕಿದೆ.

3. ನುಂಗಲಾಗದ್ದು ಬೇರೆ. ಹೊಲಿಗೆ ಅಂಗಡಿ ನಡೆಸುವ ಪತ್ನಿಯು ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಹಾಡು ಹಾಕಿದಾಗಲೆಲ್ಲ ಕೇಳಿಸುತ್ತಿದೆ, ಚೆನ್ನಾಗಿದೆ ಎನ್ನುತ್ತಿದ್ದಳು. ಅರ್ಜಿದಾರನು ನಂಬಿ ಹಿಗ್ಗುತ್ತಿದ್ದನು. ಕಳೆದ ವಾರ ಮೂರನೆಯ ಹಾಡಿಗೆ ಆಕೆ ಕಣ್ಣು ಮುಚ್ಚಿ ತಲೆದೂಗಿ, "ಇದರಲ್ಲಂತೂ ನಿಮ್ಮ ಕೈಚಳಕವೇ ಎದ್ದು ಕಾಣುತ್ತೆ" ಎಂದಳು.

ಸದರಿ ಮೂರನೆಯ ಹಾಡಿನಲ್ಲಿ ಅರ್ಜಿದಾರನು ನುಡಿಸಿಯೇ ಇಲ್ಲ. ತಂತಿ ಕಡಿದುಹೋದ ಕಾರಣ ಹೊರಗೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದನು.

ಆಕೆಗೆ ಏನೂ ಹೇಳಲಿಲ್ಲ. ಅಂದು ಊಟ ಸೇರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ತಾನು ಒಂದು ಸಲವೂ ಕೇಳಿಸಿಲ್ಲವಲ್ಲ ಎಂಬ ಯೋಚನೆ, ಹಲ್ಲಿಗೆ ಸಿಕ್ಕ ನಾರಿನಂತೆ, ಡಬ್ಬ ಎಣಿಸುವಾಗಲೂ ಬಿಡಲಿಲ್ಲ. ಆ ವಾರ ಬಿಳಿಯ ಬದಲು ನೀಲಿ ಬಣ್ಣ ರವಾನೆಯಾದದ್ದು ತಮಗೆ ತಿಳಿದೇ ಇದೆ. ಆದಕಾರಣ, ಒಳ್ಳೆಯ ಬೇಸ್ ಇರುವ, ಮಡಚಿ ಚೀಲದಲ್ಲಿ ಒಯ್ಯಬಹುದಾದ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಬೆಲೆಯ ಹೆಡ್‌ಫೋನ್ ಒಂದನ್ನು ಕೊಳ್ಳುವುದೆಂದು ತೀರ್ಮಾನಿಸಲಾಯಿತು.

4. ಅಂಗಡಿ ಉಗ್ರಾಣದ ಹಿಂದಿನ ಬೀದಿಯಲ್ಲೇ ಇದೆ. ಬಣ್ಣ ಆರಿಸುವ ನೆಪ ಹೇಳಿ ಪತ್ನಿಯನ್ನೂ ಅಲ್ಲಿಗೆ ಕರೆಸಲಾಯಿತು. ಅಂಗಡಿಯವರು ಮಾತಿನಮಲ್ಲರು. ಮೊದಲು ತೋರಿಸಿದ್ದರ ಬೆಲೆ ಕೇಳಿದರೆ ಕಿವಿ ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನಿಸುವಂತಿತ್ತು. ಅದಕ್ಕೆ ದೂರದಿಂದಲೇ ನಮಸ್ಕಾರ. ಎರಡನೆಯದರ ಪೆಟ್ಟಿಗೆಯ ಮೇಲೆ ಸಿಡಿಲಿನ ಚಿತ್ರವಿತ್ತು. ಇದರ ಬೇಸ್ ಕೇಳಿದರೆ ಎದೆ ನಡುಗುತ್ತದೆ ಎಂದರು. ನಡುಗಿದ್ದು ನಿಜ. ಆದರೆ ಸ್ವರಗಳೆಲ್ಲ ಕಲಸಿಹೋಗಿ, ಅರ್ಜಿದಾರನು ಗಿಟಾರ್ ನುಡಿಸುತ್ತಿದ್ದಾನೋ ನಮ್ಮ ಲಾರಿ ಹಿಂದಕ್ಕೆ ಸರಿಯುತ್ತಿದೆಯೋ ಗೊತ್ತಾಗದಂತಾಯಿತು. ಬೇಸ್ ಜಾಸ್ತಿ ಇರುವುದೇ ಬೇರೆ, ಚೆನ್ನಾಗಿರುವುದೇ ಬೇರೆ. ಮೂರನೆಯದು ಕಿವಿಯೊಳಗೆ ತೂರಿಸುವ ಸಣ್ಣದು. ಒತ್ತಿ ಹಿಡಿದರೆ ಬೇಸ್ ಇತ್ತು, ಕೈಬಿಟ್ಟರೆ ಅದೂ ಕೈಬಿಡುತ್ತಿತ್ತು.

5. ಕಡೆಗೆ ಅಂಗಡಿಯವರು ಮೇಲಿನ ಕಪಾಟಿನಿಂದ ಒಂದನ್ನು ಧೂಳು ಒರೆಸಿ ಇಳಿಸಿದರು. ತಂತಿ ಇರುವಂಥದ್ದು, ಮಡಚುವಂಥದ್ದು, ಕೆಸರಿನ ಬಣ್ಣದ್ದು. ಬಣ್ಣ ನೋಡಿಯೇ ಯಾರೂ ಮುಟ್ಟುವುದಿಲ್ಲವಂತೆ, ಆದ್ದರಿಂದ ಬೆಲೆಯೂ ಇಳಿದಿತ್ತು. ಮೆತ್ತೆ ಕಿವಿಯನ್ನು ಪೂರ್ತಿ ಮುಚ್ಚಿತು. ಅರ್ಜಿದಾರನು ಕಣ್ಣು ಮುಚ್ಚಿದನು. ಅಲ್ಲಿ ತಾನಿದ್ದನು. ಬೆರಳು ತಂತಿಯಿಂದ ತಂತಿಗೆ ಸರಿಯುವ ಉಜ್ಜಾಟದ ಸಮೇತ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ. ಹೆಡ್‌ಫೋನನ್ನು ತೆಗೆದು ಪತ್ನಿಯ ಕಿವಿಗಿಟ್ಟನು.

ಆಕೆ ಎಂದಿನಂತೆ ಚೆನ್ನಾಗಿದೆ ಎನ್ನಬಹುದೆಂದು ಕಾದನು. ಎನ್ನಲಿಲ್ಲ. ಹುಬ್ಬು ಗಂಟಿಕ್ಕಿದಳು. ಬಣ್ಣದ ಬಗ್ಗೆ ಏನೋ ಹೇಳಹೊರಟ ಅಂಗಡಿಯವರನ್ನು ಬೆರಳೆತ್ತಿ ಸುಮ್ಮನಾಗಿಸಿ, ಹಾಡನ್ನು ಹಿಂದಕ್ಕೆ ಹಾಕಿಸಿ ಇನ್ನೊಮ್ಮೆ ಕೇಳಿದಳು.

"ಇಲ್ಲಿ ಒಂದು ಹೊಲಿಗೆ ತಪ್ಪಿದ್ರಿ ಅಲ್ವಾ?"

ಮಾನ್ಯರೇ, ತಪ್ಪಿದ್ದು ನಿಜ. ಎರಡನೆಯ ಚರಣದ ಕೊನೆಯಲ್ಲಿ ಬೆವರಿಗೆ ಬೆರಳು ಜಾರಿ ಪಕ್ಕದ ಸ್ವರಕ್ಕೆ ಬಿದ್ದಿತ್ತು. ಹಾಡಿದವನಿಗೆ ಗೊತ್ತಾಗಿರಲಿಲ್ಲ, ಡ್ರಮ್ಮಿನವನಿಗೂ ಇಲ್ಲ, ಧ್ವನಿಮುದ್ರಣ ಮಾಡಿದವರಿಗೂ ಇಲ್ಲ. ಅದನ್ನು ಪತ್ತೆ ಹಚ್ಚಿದವಳು ಲೋಕದಲ್ಲಿ ಇವಳೊಬ್ಬಳೇ. ಅರ್ಜಿದಾರನು ಹೌದೆಂದು ತಲೆಯಾಡಿಸಿದನು. ನಗು ಬರುತ್ತಿತ್ತು.

ಆಕೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು. "ಇಷ್ಟು ದಿನ ನನಗೆ ಕೇಳಿಸ್ತಾನೇ ಇರಲಿಲ್ಲ ಕಣ್ರೀ. ಬೇಜಾರು ಮಾಡ್ಕೋತೀರ ಅಂತ ಹೂಂ ಅಂತಿದ್ದೆ."

"ಗೊತ್ತು."

"ಯಾವಾಗಿಂದ?"

ಅರ್ಜಿದಾರನು ಮೆಟ್ಟಿಲು, ಚಹಾ ಎಲ್ಲವನ್ನೂ ವಿವರಿಸಿದನು. ಆಕೆ ನಕ್ಕೂ ನಕ್ಕೂ ಅಂಗಡಿಯವರ ಸ್ಟೂಲಿನ ಮೇಲೆ ಕುಸಿದಳು. ಸದರಿ ಸ್ಟೂಲನ್ನು ಸಂಜೆಯವರೆಗೆ ಬಿಟ್ಟೇಳಲಿಲ್ಲ.

6. ಏಕೆಂದರೆ ಆಕೆ ಮೂರನೆಯದೊಂದನ್ನು ಬಿಟ್ಟು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ, ಪತಿಯೊಬ್ಬನನ್ನೇ ಎಳೆದೆಳೆದು ಕೇಳಿದಳು. ಇದೇನು, ಇಲ್ಲೇಕೆ ನಿಲ್ಲಿಸಿದಿರಿ, ಇಲ್ಲಿ ಓಡಿದ್ದೇಕೆ ಎಂದು ಕೇಳುವವರು ಸಿಕ್ಕಿದಾಗ ಎದ್ದುಬರುವುದು ಯಾವ ಗುಮಾಸ್ತನಿಂದಲೂ ಸಾಧ್ಯವಿಲ್ಲ. ತಮ್ಮ ಕರೆ ಬಂದದ್ದು ಇದೇ ಹೊತ್ತಿನಲ್ಲಿ. ಅದನ್ನು ತುಂಡರಿಸಿದ್ದು ಅರ್ಜಿದಾರನಲ್ಲ. ಒಳ್ಳೆಯ ಜಾಗದಲ್ಲಿ ಯಾರೋ ಅಡ್ಡ ಬಂದರು ಎಂದು ಆಕೆ ತಿಳಿಸಿದ್ದಾಳೆ. ಆಕೆಯ ಅಂಗಡಿಯ ಬಾಗಿಲೂ ಅಂದು ಮುಚ್ಚಿತ್ತು. ಗಿರಾಕಿಗಳಿಗೆ ಕೊಟ್ಟ ಸಮಜಾಯಿಷಿ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಆದ್ದರಿಂದ, ತಾವು ದಯಮಾಡಿ ಕರೆಯ ವಿಚಾರವನ್ನು ಹೊಟ್ಟೆಗೆ ಹಾಕಿಕೊಂಡು ಅರ್ಧ ದಿನದ ರಜೆ ಮಂಜೂರು ಮಾಡಬೇಕೆಂದೂ, ರಜಾ ಪುಸ್ತಕದ ಕಾರಣದ ಕಾಲಮ್ಮಿನಲ್ಲಿ ರೂಢಿಯಂತೆ 'ಹೊಟ್ಟೆನೋವು' ಎಂದು ಬರೆಯದೆ 'ಹೆಂಡತಿಗೆ ಕೇಳಿಸಿತು' ಎಂದೇ ನಮೂದಿಸಲು ಅಪ್ಪಣೆ ಕೊಡಿಸಬೇಕೆಂದೂ ಅರ್ಜಿದಾರನು ವಿನಯಪೂರ್ವಕ ಕೋರುತ್ತಾನೆ.

ಇಂತಿ ತಮ್ಮ ವಿಶ್ವಾಸಿ, ನಾಳೆಯಿಂದ ಊಟದ ವಿರಾಮ ಮುಗಿಯುತ್ತಲೇ ಸರಿಯಾಗಿ ಹಿಂತಿರುಗುವ,
ರವಾನೆ ಗುಮಾಸ್ತ

ಲಗತ್ತುಗಳು:
1. ಅಂಗಡಿಯ ಬಿಲ್ಲಿನ ನಕಲು.
2. ಹೆಡ್‌ಫೋನಿನ ಖಾಲಿ ಪೆಟ್ಟಿಗೆ. (ಹೆಡ್‌ಫೋನನ್ನು ಲಗತ್ತಿಸಿಲ್ಲ, ಅದು ಹೊಲಿಗೆ ಅಂಗಡಿಯಲ್ಲಿ ಬಳಕೆಯಲ್ಲಿದೆ. ತಮಗೂ ಕೇಳುವ ಇಚ್ಛೆ ಇದ್ದಲ್ಲಿ ಪತ್ನಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿ ವಿನಂತಿ. ಅರ್ಜಿದಾರನು ಆಕೆಗೆ ಸಲ್ಲಿಸಿದ್ದೇ ಇನ್ನೂ ಪರಿಶೀಲನೆಯಲ್ಲಿದೆ.)