ಎಮ್ಮೆಯ ಹಿಂದೆ ಅಡಗಿದ ಮಾಸ್ತರ

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದೆಲ್ಲ ಹೇಳುವುದು ಸಲೀಸು. ಹಾವಿಗೆ ಅಂಜುವುದಿಲ್ಲ, ತಪಾಸಣೆಗೆ ಬರುವ ಸಾಹೇಬರಿಗೂ ಅಷ್ಟಾಗಿ ಅಂಜುವುದಿಲ್ಲ. ನಾನು ಅಂಜುವುದು ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದ ಹದಿಹರೆಯದ ಪಾಠಕ್ಕೆ. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ದಿನಾ ಬಸ್ಸು ಹಿಡಿದು, ಬಬಲೇಶ್ವರದ ಆಚೆಯ ಹಳ್ಳಿಯೊಂದರ ಸಾಲಿಗೆ ಹೋಗಿ ಹದಿನೆಂಟು ವರ್ಷ ವಿಜ್ಞಾನ ಕಲಿಸಿದ್ದೇನೆ. ಆ ಪಾಠವನ್ನು ಮಾತ್ರ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಹಾಗಂತ ಕೈ ಬಿಟ್ಟೂ ಇರಲಿಲ್ಲ, ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದೆ. ಬಬಲೇಶ್ವರದ ಸಂತೆಯ ದಿನ ತರಗತಿ ಅರ್ಧ ಖಾಲಿ. ಅವತ್ತು ಬೋರ್ಡಿನ ಮೇಲೆ ಪಾಠದ ಹೆಸರನ್ನು ದಪ್ಪಗೆ ಬರೆದು, ಇದು ಭಾಳ ಸರಳ ಐತಿ, ಮನ್ಯಾಗ ಓದಿಕೊಳ್ರಿ ಅಂದು, ಗಂಡುಹುಡುಗರನ್ನು ಕಬಡ್ಡಿಗೆ ಅಟ್ಟಿ, ಹೆಣ್ಣುಮಕ್ಕಳನ್ನು ಕಣ್ಣಿನ ಚಿತ್ರ ತೆಗೆಯಲು ಹಚ್ಚುತ್ತಿದ್ದೆ. ಕಣ್ಣಿಗೂ ಆ ಪಾಠಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಡೈರಿಯಲ್ಲಿ ‘ಪಾಠ ಮುಗಿದಿದೆ’ ಎಂದು ಬರೆಯುವಾಗ ನನ್ನ ಅಕ್ಷರ ಬಲು ದುಂಡಗಿರುತ್ತಿತ್ತು.

ಈ ವರ್ಷ ಸಿಕ್ಕಿಬಿದ್ದೆ. ಎಂಟನೆಯ ತರಗತಿಯ ರೇಣುಕಾ ಎರಡು ವಾರ ಸಾಲಿಗೆ ಬರಲಿಲ್ಲ. ಹೊಸದಾಗಿ ಬಂದಿದ್ದ ಹೆಡ್ ಮೇಡಂ ಅವಳ ಮನೆಗೇ ಹೋಗಿ ವಿಚಾರಿಸಿದರು. ಹುಡುಗಿ ದೊಡ್ಡವಳಾಗಿದ್ದಳು, ಅಷ್ಟೇ. ಆದರೆ ಅದು ಯಾವುದೋ ಕೆಟ್ಟ ಜಡ್ಡು, ತಾನಿನ್ನು ಉಳಿಯುವುದಿಲ್ಲ ಎಂದುಕೊಂಡು ಯಾರಿಗೂ ಹೇಳದೆ ಮೂರು ದಿನ ದನದ ಮೇವಿನ ಕೋಣೆಯಲ್ಲಿ ಕೂತು ಅತ್ತಿದ್ದಳಂತೆ. ಆಮೇಲೆ ಮನೆಯಲ್ಲಿ ಗೊತ್ತಾದಾಗ ನಾಚಿಕೆಗೆ ಸಾಲಿಯೇ ಬೇಡವೆಂದು ಹಟ ಹಿಡಿದಿದ್ದಳು. ಮೇಡಂ ನನ್ನ ಡೈರಿ ತೆರೆದು ಆ ದುಂಡನೆಯ ಅಕ್ಷರದ ಮೇಲೆ ಬೆರಳಿಟ್ಟರು.

“ನಾಳೆ ಆಕಿನ್ನ ಕರ್ಕೊಂಡು ಬರ್ತೇನ್ರಿ. ನೀವು ಪಾಠ ಮಾಡ್ರಿ, ನಾ ಹಿಂದ ಕುಂದರ್ತೇನಿ. ಈ ಸಲ ತಪ್ಪಿದ್ರ ಆಕಿ ಮತ್ತ ಬರೂದಿಲ್ಲ.”

ಮನೆಗೆ ಬಂದು ಹೆಂಡತಿಗೆ ನನ್ನ ಸಂಕಟ ತೋಡಿಕೊಂಡೆ. ಎರಡು ಮಕ್ಕಳ ತಂದೆಗೆ ಈ ವಿಷಯ ಇಷ್ಟು ಕಠಿಣ ಎಂದು ತನಗೆ ಗೊತ್ತೇ ಇರಲಿಲ್ಲ ಅಂದು ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು.

ಮರುದಿನ ಬಸ್ಸಿನ ಕಿಟಕಿಯಲ್ಲಿ ಎಮ್ಮೆಗಳ ಹಿಂಡು ಕಂಡಿತು, ಉಪಾಯ ಹೊಳೆಯಿತು. ಪಾಠವನ್ನು ಎಮ್ಮೆಯಿಂದಲೇ ಶುರು ಮಾಡಿದೆ. ತರಗತಿಗೆ ಜೀವ ಬಂತು. ಎಮ್ಮೆ ಬೆದೆಗೆ ಬಂದರೆ ಹೇಗೆ ಒದರುತ್ತದೆ, ದನದ ಡಾಕ್ಟರನ್ನು ಯಾವಾಗ ಕರೆಸಬೇಕು, ಎಷ್ಟು ತಿಂಗಳಿಗೆ ಈಯುತ್ತದೆ, ಕರು ಅಡ್ಡ ತಿರುಗಿದರೆ ಏನು ಮಾಡಬೇಕು, ಹುಡುಗ ಹುಡುಗಿ ಎನ್ನದೆ ಎಲ್ಲರೂ ಮೇಲೆ ಬಿದ್ದು ಹೇಳಿದರು. ನಾಚಿದವನು ನಾನೊಬ್ಬನೇ. ನನಗೇ ಗೊತ್ತಿಲ್ಲದ ಎರಡು ಸಂಗತಿ ಅಲ್ಲಿ ಕಲಿತೆ. ಹೀಗೇ ಅರ್ಧ ತಾಸು ಕಳೆದು, ಮನುಷ್ಯಾರದೂ ಹೆಚ್ಚುಕಡಿಮಿ ಇದ ಕಥಿ ಅಂದು ಪುಸ್ತಕ ಮುಚ್ಚಿದೆ.

ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ರೇಣುಕಾ ಎದ್ದು ನಿಂತಳು.

“ಎಮ್ಮೀದು ನಮಗ ಗೊತ್ತೈತ್ರಿ ಸರ. ನಮ್ದು ಹೇಳ್ರಿ.”

ನಾನು ಬೋರ್ಡಿನ ಕಡೆ ತಿರುಗಿ, ಮಕ್ಕಳಿಗೆ ಬೆನ್ನು ತೋರಿಸಿಕೊಂಡೇ ಶುರು ಮಾಡಿದೆ. ‘ಮುಟ್ಟು’ ಎಂದು ಬರೆಯುವಷ್ಟರಲ್ಲಿ ಸೀಮೆಸುಣ್ಣದ ಖಡು ಎರಡು ಸಲ ಮುರಿಯಿತು. ಅದು ಯಾಕೆ ಆಗುತ್ತದೆ, ಎಷ್ಟು ದಿನ ಇರುತ್ತದೆ, ಅದು ಜಡ್ಡಲ್ಲ, ಹೊಲಸೂ ಅಲ್ಲ, ಗಂಡುಹುಡುಗರ ದನಿ ಒಡೆಯುವುದೂ ಇದೇ ವಯಸ್ಸಿನ ಕೆಲಸ ಅಂತೆಲ್ಲ ಹೇಳಿದೆ. ಯಾರೂ ಕಿಸಕ್ಕನೆ ನಗಲಿಲ್ಲ. ತಿರುಗಿ ನೋಡಿದರೆ ಎಲ್ಲರೂ ಬರೆದುಕೊಳ್ಳುತ್ತಿದ್ದರು. ಗಡಿಯಾರ ನೋಡಿಕೊಂಡೆ. ಹದಿನೆಂಟು ವರ್ಷ ಅಂಜಿದ ಪಾಠ ಹನ್ನೆರಡು ನಿಮಿಷಕ್ಕೆ ಮುಗಿದಿತ್ತು.

ರೇಣುಕಾ ಪೆನ್ನಿನ ಟೊಪ್ಪಿಗೆ ಹಾಕಿ ನನ್ನನ್ನೇ ನೋಡಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು.

“ಇಷ್ಟ ಇತ್ತಂದ್ರ, ಮೊದ್ಲ ಯಾಕ ಹೇಳಲಿಲ್ರಿ ಸರ?”

ಉತ್ತರ ಬಾರದವರನ್ನು ಗಂಟೆ ಬಾರಿಸುವ ತನಕ ನಿಲ್ಲಿಸುವುದು ನನ್ನ ತರಗತಿಯ ಕಾನೂನು. ಅವತ್ತು ಗಂಟೆ ಬಾರಿಸುವ ತನಕ ನಾನೇ ನಿಂತಿದ್ದೆ.