ಹಿಂದೆ ಇರುವುದು ಮನುಷ್ಯನಾ, ಕಂಬವಾ?

ಗಾಡಿಯ ಮುಂದಿನ ಲೈಟಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ತಮಾಷೆಯೆಲ್ಲ ನಡೆಯುವುದು ಹಿಂದೆ. ಅಲ್ಲಿ ಬಿಳಿ ಯಾಕೆ, ಕೆಂಪು ಯಾಕೆ, ಒಂದೇ ಯಾಕೆ, ಇನ್ನೊಂದು ಎಲ್ಲಿ ಎಂದು ಕೇಳಿಕೊಂಡು ಕಡಬದ ನನ್ನ ವಯರಿಂಗ್ ಶೆಡ್ಡಿಗೆ ಯಾರಾದರೂ ಬರುತ್ತಲೇ ಇರುತ್ತಾರೆ. ನನಗೂ ಇದರ ಹುಚ್ಚು ಸ್ವಲ್ಪ ಜಾಸ್ತಿಯೇ. ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಎಲ್ಲೋ ತುಂಡಾದ ವಯರು ಸಿಕ್ಕಿ, ಬಲ್ಬು ಫಕ್ಕನೆ ಹತ್ತುತ್ತದಲ್ಲ, ಆಗ ನಾನು ಈಗಲೂ "ಬಂತು, ಬಂತು!" ಎಂದು ಕೂಗುತ್ತೇನೆ. ಒಮ್ಮೆ ಪಕ್ಕದ ಹೋಟೆಲಿನವರು ಯಾರೋ ಮಂತ್ರಿ ಬಂದರೆಂದು ಅಂಗಿ ಹಾಕಿಕೊಂಡು ಹೊರಗೆ ಓಡಿ ಬಂದಿದ್ದರು.

ಅದರಲ್ಲೂ ಈ ಸಲದ ಮೇ ತಿಂಗಳ ಕೊನೆಯ ವಾರವನ್ನು ನಾನು ಮರೆಯುವಂತಿಲ್ಲ. ನೆನೆದರೆ ಈಗಲೂ ಕೈಯಲ್ಲಿರುವ ಸ್ಕ್ರೂಡ್ರೈವರ್ ಬಿದ್ದುಹೋಗುವಷ್ಟು ನಗು ಬರುತ್ತದೆ.

ಕುಂಕುಮದ ವಯರು

ಕೊಲ್ಲಮೊಗ್ರಿನ ಜೀಪಿನವ ನನ್ನ ಗೆಳೆಯ. ಅಲ್ಲಿಯ ಮಕ್ಕಳನ್ನು ಶಾಲೆಗೆ ಬಿಡುವುದು ಅವನ ಕೆಲಸ. ಅವನ ಜೀಪಿನ ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯುವ ಸ್ಥಿತಿಯಲ್ಲಿದೆ ಎಂದು ಸರ್ಕಾರ ಕೊಡುವ ಸರ್ಟಿಫಿಕೇಟು, ಮುಗಿದುಹೋಗಿತ್ತು. ಶಾಲೆ ಶುರುವಾಗುವ ಮೊದಲು ಅದು ಸಿಗದಿದ್ದರೆ ಮಕ್ಕಳ ತಾಯ್ತಂದೆಯರು ಬೇರೆ ವ್ಯಾನು ಗೊತ್ತು ಮಾಡುತ್ತಾರೆ. ಒಮ್ಮೆ ಬೇರೆ ವ್ಯಾನು ಹತ್ತಿದ ಮಕ್ಕಳು ಮತ್ತೆ ಇವನ ಜೀಪು ಹತ್ತುವುದಿಲ್ಲ. ಮತ್ತೆ ಜೀಪನ್ನು ಅಂಗಳದಲ್ಲಿಟ್ಟು ಕೋಳಿ ಮಲಗಿಸುವುದೇ ಸರಿ.

ಹಾಗಾಗಿ ಅವನು ಜೀಪಿಗೆ ಹೊಸ ಬಣ್ಣ ಹೊಡೆಸಿ, ಹಿಂದಿನ ಲೈಟುಗಳನ್ನು ತಾನೇ ಬಿಚ್ಚಿ, ತಾನೇ ಕಟ್ಟಿ, ಪುತ್ತೂರಿಗೆ ಹೋದ. ಅಲ್ಲಿ ಗಾಡಿ ಪರೀಕ್ಷೆ ಮಾಡುವವರನ್ನು ನಾವೆಲ್ಲ ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಕರೆಯುವುದು. ಅವರು ಜೀಪಿನ ಹಿಂದೆ ನಿಂತು, "ರಿವರ್ಸ್ ಹಾಕಿ" ಎಂದರು.

ಇವನು ಹಾಕಿದ. ಬಿಳಿ ಲೈಟು ಹತ್ತಬೇಕಾದಲ್ಲಿ ಫಾಗ್ ಲೈಟು ಕೆಂಪಗೆ ಧಗಧಗ ಉರಿಯಿತು! ಘಾಟಿಯ ಮಂಜಿನಲ್ಲಿ ಹಿಂದಿನ ಲಾರಿಯವನಿಗೆ ಜೀಪು ಕಾಣಲಿ ಎಂದು ಹಾಕಿಸಿದ್ದ ಲೈಟು ಅದು. ಫಾಗಿನ ಸ್ವಿಚ್ ಒತ್ತಿದರೆ ಬಿಳಿ ಹತ್ತಿತು.

ಇನ್ಸ್‌ಪೆಕ್ಟರ್ ತಲೆಯ ಮೇಲಿನ ಸುಡುಬಿಸಿಲನ್ನೊಮ್ಮೆ ನೋಡಿ, "ಎಂತ, ನಿಮ್ಮ ಊರಲ್ಲಿ ಗಾಡಿ ಹಿಂದೆ ಬಂದ ಕೂಡ್ಲೇ ಮಂಜು ಬೀಳ್ತದಾ?" ಎಂದು ಕೇಳಿದರು. ಲೈಟು ಸರಿ ಮಾಡಿಸಿ, ಹಿಂದೆ ಬರುವಾಗ ಶಬ್ದ ಮಾಡುವ ಅಲಾರಂ ಹಾಳಾಗಿದೆ, ಅದನ್ನೂ ಹಾಕಿಸಿ ಬನ್ನಿ ಎಂದು ವಾಪಸು ಕಳಿಸಿದರು.

ಜೀಪು ನನ್ನ ಶೆಡ್ಡಿಗೆ ಬಂತು. ಜೊತೆಗೆ ಅವನ ಹೆಂಡತಿಯೂ ಬಂದಿದ್ದಳು. ನೋಡಿದರೆ ಎಲ್ಲ ವಯರೂ ಕಪ್ಪು.

"ಎಲ್ಲ ಒಂದೇ ಬಣ್ಣ ಹಾಕಿದ್ರೆ ಯಾವುದು ಯಾವುದಂತ ಹೇಗೆ ಗೊತ್ತಾಗುದು ಮಾರಾಯ?"

"ಗುರುತು ಉಂಟಲ್ಲ! ಕೆಂಪು ಲೈಟಿನ ವಯರಿಗೆ ನಾನು ಅದನ್ನು ಹಾಕಿಸಿದಾಗಲೇ ಕುಂಕುಮ ಹಚ್ಚಿದ್ದೆ."

ನಾನು ಬಗ್ಗಿ ನೋಡಿದೆ. ಎಲ್ಲ ವಯರಿಗೂ ಕುಂಕುಮ ಇತ್ತು.

ಹೆಂಡತಿ ಮೆಲ್ಲ ಹೇಳಿದಳು. "ಹೋದ ವರ್ಷ ಆಯುಧಪೂಜೆಗೆ ನೋಡಿದೆ ಅಣ್ಣ, ಒಂದಕ್ಕೆ ಮಾತ್ರ ಹಚ್ಚಿದ್ರು. ಉಳಿದವು ಎಂತ ಪಾಪ ಮಾಡಿದ್ವು ಅಂತ ಎಲ್ಲದಕ್ಕೂ ನಾನೇ ಹಚ್ಚಿದೆ."

ಒಕ್ಕಣ್ಣಿನ ಕಾರು

ಆ ಜೀಪನ್ನು ಬಿಚ್ಚಿ ಹರವಿದ್ದಾಗಲೇ ಪುತ್ತೂರಿನ ಹಾಜಿಯವರು ಬಂದರು. ಬಹಳ ಕಾಲ ದುಬೈಯಲ್ಲಿದ್ದು ಬಂದವರು. ಹೊಸದಾಗಿ ಕಾರು ತೆಗೆದುಕೊಂಡಿದ್ದರು. ಮುಖದಲ್ಲಿ ಸಿಟ್ಟೋ ಸಿಟ್ಟು.

"ನೋಡಿ ಮಾರಾಯ್ರೆ ಅನ್ಯಾಯ! ಹಿಂದೆ ಬಿಳಿ ಎಡಗಡೆ ಮಾತ್ರ. ಕೆಂಪು ಫಾಗ್ ಬಲಗಡೆ ಮಾತ್ರ. ಒಂದೊಂದು ಬಲ್ಬ್ ಕಂಪೆನಿಯವರು ಇಟ್ಕೊಂಡಿದ್ದಾರೆ."

"ಇಲ್ಲ ಹಾಜಿಯವರೇ, ಅದು ಮಾಡಿದ್ದೇ ಹಾಗೆ. ಒಂದು ಇದ್ರೂ ಕಾನೂನಿಗೆ ಸಾಕು. ಕೆಂಪು ಒಂದೇ ಇದ್ರೆ ಡ್ರೈವರಿನ ಬದಿಯಲ್ಲಿ ಇರ್ಬೇಕು. ಓವರ್‌ಟೇಕ್ ಮಾಡುವವ ಆ ಬದಿಯಿಂದ ಅಲ್ವಾ ಬರುದು?"

"ನನಗೆ ಹೇಳ್ಬೇಡಿ. ದುಬೈಯಲ್ಲಿ ನನ್ನ ಕಾರಿಗೆ ಕೆಂಪು ಎಡಗಡೆ ಇತ್ತು!"

"ಅಲ್ಲಿ ಸ್ಟಿಯರಿಂಗ್ ಯಾವ ಬದಿಗೆ ಇತ್ತು?"

ಹಾಜಿಯವರು ಎರಡೂ ಕೈಯನ್ನು ಗಾಳಿಯಲ್ಲೇ ಸ್ಟಿಯರಿಂಗ್ ಹಿಡಿದಂತೆ ಹಿಡಿದು, ಸ್ವಲ್ಪ ಎಡಕ್ಕೆ ಸರಿದು, ಮತ್ತೆ ಬಲಕ್ಕೆ ಸರಿದು ಲೆಕ್ಕ ಹಾಕಿದರು. ಮುಖ ಅರಳಿತು.

"ಹೌದು ಹೌದು! ನನ್ನ ಹೆಂಡತಿಯೂ ಅಲ್ಲಿ ಬಲಬದಿ ಕೂತ್ಕೊಳ್ತಿದ್ದಳು, ಇಲ್ಲಿ ಎಡಬದಿ. ಬ್ರೇಕ್ ಹಾಕಿ, ಬ್ರೇಕ್ ಹಾಕಿ ಅಂತ ಬೊಬ್ಬೆ ಹಾಕುದು ಮಾತ್ರ ಎರಡು ದೇಶದಲ್ಲೂ ಒಂದೇ ಸಮ."

ಹಿಂದಿನಿಂದ ಮುಂದೆ

ಮರುದಿನ ಬಂದವರು ಗುತ್ತಿಗಾರಿನ ಗೌಡರು. ರಬ್ಬರ್ ಕೃಷಿಕರು. ಅವರ ಗೇಟಿನ ಹತ್ತಿರ ಆನೆ ಬರುವುದು ಶುರುವಾಗಿತ್ತು. ಗೇಟಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಅದು ಕಾಣಲಿ ಎಂದು ಅವರು ಎಲ್ಲಿಂದಲೋ ದೊಡ್ಡ ಎಲ್‌ಇಡಿ ತರಿಸಿ ಕಾರಿನ ಹಿಂದೆ ರಿವರ್ಸ್ ಲೈಟಿಗೆ ಕಟ್ಟಿಸಿದ್ದರು. ಈಗ ಅದನ್ನು ಬಿಚ್ಚಿಕೊಡಬೇಕಂತೆ.

"ಯಾಕೆ ಗೌಡ್ರೆ, ಬೆಳಕು ಸಾಕಾಗುದಿಲ್ವಾ?"

"ಸಾಕಾಗುದಾ! ಹೆಡ್‌ಲೈಟಿಗಿಂತ ಜಾಸ್ತಿ ಉಂಟು. ಹಾಗಾಗಿ ನಾನು ಕತ್ತಲಾದ್ರೆ ರಸ್ತೆಯಿಂದ ಮನೆವರೆಗೆ ರಿವರ್ಸಲ್ಲೇ ಹೋಗುದು."

ಜೀಪಿನವನಿಗೆ ತನ್ನ ಎಫ್‌ಸಿಯ ಚಿಂತೆಯೇ ಮರೆತುಹೋಯಿತು. ಸ್ಟೂಲು ಎಳೆದು ಹತ್ತಿರ ಕುಳಿತ.

ಹಿಂದಿನ ಸಂಜೆ ಕತ್ತಲಾದ ಮೇಲೆ ಗೌಡರನ್ನು ಮದುವೆಗೆ ಕರೆಯಲು ನೆಂಟರು ಬಂದಿದ್ದರು. ದಾರಿ ಗೊತ್ತಿಲ್ಲವೆಂದು ಗೌಡರ ಕಾರಿನ ಹಿಂದೆಯೇ ಬಂದವರು. ಮನೆಯ ದಾರಿ ಸಿಕ್ಕಿದಲ್ಲಿ ಗೌಡರು ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಒಳಗೆ ಹೊರಟರು. ನೆಂಟರಿಗೆ ಕಂಡದ್ದು ಕಾರಿನ ಮುಖ. ಏನೋ ಮರೆತು ಗೌಡರು ಪೇಟೆಗೆ ವಾಪಸು ಹೊರಟಿದ್ದಾರೆಂದು ನೆಂಟರು ಮರ್ಯಾದೆಯಿಂದ ತಮ್ಮ ಕಾರನ್ನು ಬದಿಗೆ ಸರಿಸಿ ನಿಂತರು. ನಿಂತೇ ನಿಂತರು.

"ಕೊನೆಗೆ ನಾನು ಫೋನ್ ಮಾಡಿದೆ. ಎಲ್ಲಿದ್ದೀರಿ, ಚಾ ತಣಿದು ಹೋಯ್ತು ಅಂದೆ. ನೀವು ಹೊರಗೆ ಹೋಗ್ಲಿಕ್ಕೆ ದಾರಿ ಬಿಟ್ಟು ನಿಂತಿದ್ದೇವೆ ಅಂದ್ರು!"

ನಗು ಹಿಡಿದುಕೊಂಡು ನಾನು, "ರಿವರ್ಸ್ ಲೈಟ್ ಇರುದು ಹಿಂದೆ ಸ್ವಲ್ಪ ಕಾಣ್ಲಿಕ್ಕೆ. ಬೇರೆಯವರ ಕಣ್ಣು ಕುಕ್ಕುವಷ್ಟು ಇರ್ಬಾರ್ದು" ಎಂದು ಎಲ್‌ಇಡಿ ಬಿಚ್ಚಲು ಕೂತೆ. ಜೀಪಿನವನಿಗೆ ಮಾತ್ರ ಸಮಾಧಾನವಿಲ್ಲ.

"ಆದ್ರೂ ಗೌಡ್ರೆ, ಆನೆ ಕಂಡಿತಾ ಇಲ್ವಾ?"

"ಕಂಡಿತು ಮಾರಾಯ. ಅದೂ ದಾರಿ ಬಿಟ್ಟು ನಿಂತಿತ್ತು."

ಮಾತಾಡುವ ಜೀಪು

ಇಷ್ಟರಲ್ಲಿ ಜೀಪಿನ ವಯರುಗಳನ್ನೆಲ್ಲ ಬದಲಾಯಿಸಿದೆ. ಬೇರೆ ಬೇರೆ ಬಣ್ಣದ ವಯರು, ಕುಂಕುಮದ ಕೆಲಸವಿಲ್ಲ. ರಿವರ್ಸ್ ಹಾಕಿದರೆ ಬಿಳಿ ಲೈಟು, ಫಾಗಿನ ಸ್ವಿಚ್ ಒತ್ತಿದರೆ ಕೆಂಪು, ಅದೂ ಹೆಡ್‌ಲೈಟ್ ಹಾಕಿದರೆ ಮಾತ್ರ. "ಬಂತು, ಬಂತು!" ಎಂದು ಕೂಗಿಯೂ ಆಯಿತು. ಉಳಿದದ್ದು ಅಲಾರಂ.

ಪೀ ಪೀ ಎನ್ನುವ ಸಾದಾ ಅಲಾರಂ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಅದೇ ಹೊತ್ತಿಗೆ ಹೊಸ ನಮೂನೆಯ ಒಂದು ಅಲಾರಂ ನನ್ನ ಕೈಗೆ ಬಂದಿತ್ತು. ಗುಂಡಿ ಒತ್ತಿ ನಾವೇ ಮಾತಾಡಿದರೆ ಅದು ರೆಕಾರ್ಡ್ ಆಗುತ್ತದೆ. ರಿವರ್ಸ್ ಹಾಕಿದಾಗ ಅದೇ ಮಾತು ಗಟ್ಟಿಯಾಗಿ ಕೇಳುತ್ತದೆ! ಹೊಸ ವಸ್ತು ಕಂಡರೆ ನನಗೆ ತಡೆಯಲಾಗುವುದಿಲ್ಲ. ಜೀಪಿನವನ ಹೆಂಡತಿಯ ಸ್ವರ ಸ್ಪಷ್ಟ. ಅವಳ ಕೈಯಲ್ಲಿ ಕೊಟ್ಟು, "ಗಮನಿಸಿ, ಜೀಪು ಹಿಂದೆ ಬರುತ್ತಿದೆ, ಅಂತ ಹೇಳು ತಂಗಿ" ಎಂದೆ.

ಅವಳು ಗುಂಡಿ ಒತ್ತಿ ಬಾಯಿ ತೆರೆಯುವುದಕ್ಕೂ, ಇವನು ಜೀಪನ್ನು ಸ್ವಲ್ಪ ಸರಿಸುತ್ತೇನೆಂದು ಹಿಂದಕ್ಕೆ ತಂದು ನನ್ನ ಶೆಡ್ಡಿನ ಕಂಬದ ಹತ್ತಿರ ಹತ್ತಿರ ಬರುವುದಕ್ಕೂ ಸರಿಹೋಯಿತು. ಊರಿನಲ್ಲಿ ಒಂದು ಕರೆಂಟ್ ಕಂಬಕ್ಕೆ ಆಗಲೇ ಗುದ್ದಿ ಬಂದವನು ಅವನು. ಅವಳು ಕಿರುಚಿದಳು. ಅವನು ಬ್ರೇಕ್ ಹಾಕಿದ. ಕಂಬ ಉಳಿಯಿತು. ಆ ಗಡಿಬಿಡಿಯಲ್ಲಿ ಅವಳ ಬೆರಳು ಗುಂಡಿಯ ಮೇಲೇ ಇತ್ತೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅವಳು ಹೇಳಬೇಕಾದ್ದನ್ನು ಚಂದಕ್ಕೆ ಹೇಳಿದಳು. ಆದರೆ ಆ ಅಲಾರಂ ಒಮ್ಮೆ ಮಾತ್ರ ರೆಕಾರ್ಡ್ ಮಾಡುವಂಥದ್ದು, ಮೊದಲು ಹೇಳಿದ್ದೇ ಅದರೊಳಗೆ ಉಳಿದದ್ದು.

ಶಾಲೆ ಶುರುವಾಗಲು ಒಂದೇ ದಿನ ಬಾಕಿ. ಮೂವರೂ ಪುತ್ತೂರಿಗೆ ಹೋದೆವು. ಹೊರಡುವ ಗಡಿಬಿಡಿಯಲ್ಲಿ ಹೊಸ ಅಲಾರಂ ಏನು ಹೇಳುತ್ತದೆಂದು ಒಮ್ಮೆ ಕೇಳಿ ನೋಡಲೂ ನೆನಪಾಗಲಿಲ್ಲ. ಮೈದಾನ ತುಂಬ ಗಾಡಿಗಳು. ಅದೇ ಬ್ರೇಕ್ ಇನ್ಸ್‌ಪೆಕ್ಟರ್ ಜೀಪಿನ ಹಿಂದೆ ಬಂದು ನಿಂತರು.

"ರಿವರ್ಸ್ ಹಾಕಿ."

ಬಿಳಿ ಲೈಟು ಹಾಲಿನ ಹಾಗೆ ಹತ್ತಿತು! ನಾನು "ಬಂ..." ಎನ್ನುವಷ್ಟರಲ್ಲಿ ಜೀಪು ಮೈದಾನಕ್ಕೆಲ್ಲ ಕೇಳುವಂತೆ ಬೊಬ್ಬೆ ಹಾಕಿತು.

"ಹಿಂದೆ ನೋಡಿ ಮಾರಾಯ್ರೆ! ಹಿಂದೆ ಇರುದು ಮನುಷ್ಯನಾ ಕಂಬವಾ ಗೊತ್ತಾಗುದಿಲ್ವಾ ನಿಮ್ಗೆ!"

ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹಿಂದೆ ಹಾರಿದರು. ಮೈದಾನದಲ್ಲಿದ್ದ ಡ್ರೈವರುಗಳೆಲ್ಲ ಒಟ್ಟಿಗೆ ಬ್ರೇಕ್ ಹಾಕಿ ತಮ್ಮ ತಮ್ಮ ಹಿಂದೆ ನೋಡಿದರು. ಜೀಪಿನವನಿಗೆ ಗಡಿಬಿಡಿಯಲ್ಲಿ ಗೇರು ಕೈಗೆ ಸಿಗಲಿಲ್ಲ. ಜೀಪು ಇನ್ನೊಮ್ಮೆ ಕೇಳಿತು. "ಮನುಷ್ಯನಾ ಕಂಬವಾ ಗೊತ್ತಾಗುದಿಲ್ವಾ ನಿಮ್ಗೆ!"

ಇನ್ಸ್‌ಪೆಕ್ಟರ್ ನಿಧಾನವಾಗಿ ಡ್ರೈವರಿನ ಬಾಗಿಲಿಗೆ ಬಂದರು. "ಹೇಳಿ. ನಾನು ಯಾರು?"

ಇವನು ಹೆದರಿಕೆಯಲ್ಲಿ, "ಕಂಬ ಸಾರ್" ಎಂದುಬಿಟ್ಟ.

ಮಕ್ಕಳೂ ಹೋದರು, ಬಾಡಿಗೆಯೂ ಹೋಯಿತು, ಇನ್ನು ಕೋಳಿಗಳೇ ಗತಿ ಎಂದು ನಾನು ಕಣ್ಣು ಮುಚ್ಚಿದೆ. ತೆರೆದರೆ ಇನ್ಸ್‌ಪೆಕ್ಟರ್ ಬಾನೆಟ್ಟಿಗೆ ಕೈಯೂರಿ ನಗುತ್ತಿದ್ದಾರೆ! ಕಣ್ಣೊರೆಸಿಕೊಂಡು, "ಲೈಟೆಲ್ಲ ಸರಿ ಉಂಟು. ಈ ಭಾಷಣ ತೆಗ್ದು ಪೀ ಪೀ ಹಾಕಿ, ಈಗ್ಲೇ ನೋಡ್ತೇನೆ" ಎಂದರು. ನಾನು ಬ್ಯಾಗಿನಿಂದ ಸಾದಾ ಅಲಾರಂ ತೆಗೆದು ಅಲ್ಲೇ ನೆಲದಲ್ಲಿ ಮಲಗಿ ಕಟ್ಟಿದೆ. ಬಿಳಿ ಹತ್ತಿತು, ಕೆಂಪು ಹತ್ತಿತು, ಪೀ ಪೀ ಎಂದಿತು. ಜೀಪು ಪಾಸಾಯಿತು!

ಜೀಪಿನವನ ಖುಷಿ ಹೇಳಿ ಪೂರೈಸದು. ನಮ್ಮನ್ನು ಹತ್ತಿಸಿಕೊಂಡು, ಎರಡೂ ಕೈ ಎತ್ತಿ ಇನ್ಸ್‌ಪೆಕ್ಟರಿಗೆ ನಮಸ್ಕಾರ ಮಾಡಿ, ಗೇರು ಹಾಕಿ ಹೊರಟ. ಹಾಕಿದ್ದು ರಿವರ್ಸ್. ಜೀಪು ಪೀ ಪೀ ಎನ್ನುತ್ತ ಸೀದಾ ಇನ್ಸ್‌ಪೆಕ್ಟರ್ ಕಡೆಗೇ ಹೋಯಿತು. ಪುಣ್ಯಕ್ಕೆ ಅವರು ಬದಿಗೆ ಹಾರಿ ಗಂಟಲು ಹರಿಯುವಂತೆ ಕೂಗಿದರು.

"ಹಿಂದೆ ನೋಡಿ ಮಾರಾಯ್ರೆ! ಮನುಷ್ಯ, ಮನುಷ್ಯ! ಕಂಬ ಅಲ್ಲ!"

ಜೀಪು ನಿಂತಿತು. ಹೆಂಡತಿ ಸೆರಗು ಸರಿಮಾಡಿಕೊಂಡು, ಗಂಡನ ಕಡೆಗೆ ತಿರುಗಿ ತಣ್ಣಗೆ ಹೇಳಿದಳು.

"ಇನ್ನಾದ್ರೂ ಕೇಳಿ. ಈಗ ಸರ್ಕಾರವೂ ಅದನ್ನೇ ಹೇಳುದು."